ಒಂದು ಸೇರು ತೌಡು

“ಸತ್ತಾಂವ ನನ್ನ ಮಗ ಅಲ್ರೀ. ನನಗ ಮಕ್ಕಳ ಇಲ್ಲ,” ಎಂದಳು ಯಮನೂರಮ್ಮ.

ಹೇಳಿದ್ದು ಯಾರಿಗೆ ಅಂತೀರಿ? ಸಿಂಧನೂರಿನಿಂದ ಜೀಪು ಹತ್ತಿ ಬಂದಿದ್ದ ತಹಶೀಲ್ದಾರರಿಗೆ. ಅವರು ಪಾಪ, ಇಂಥ ಸುದ್ದಿಯನ್ನು ಹೆತ್ತವಳಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, “ತಾಯೀ, ಗಡಿಯೊಳಗ ಯುದ್ಧ ನಡದೈತಿ, ನಿಮಗ ಗೊತ್ತೈತಿ. ನಿಮ್ಮ ಮಗ ತೌಡಪ್ಪ…” ಎನ್ನುವಷ್ಟರಲ್ಲಿ ಈಕೆ ಎಮ್ಮೆಯ ಕೆಚ್ಚಲಿನಿಂದ ಕೈ ಕೂಡ ತೆಗೆಯದೆ ಹೀಗೆ ಅಂದುಬಿಟ್ಟಳು. ಹಾಲು ಚರಿಗೆಯಲ್ಲಿ ಬೀಳುತ್ತಲೇ ಇತ್ತು.

ತಹಶೀಲ್ದಾರರು ಗಾಬರಿಯಾಗಿ ಹಿಂದೆ ನಿಂತಿದ್ದ ತಳವಾರನನ್ನು ಕೇಳಿದರು. “ಮನಿ ತಪ್ಪಿ ಬಂದ್ವೇನೋ?”

“ಮನಿ ಇದ ಐತ್ರೀ ಸಾಹೇಬ್ರ. ಆದ್ರ ಆಕೀ ಹೇಳೋದೂ ಖರೇನ ಐತಿ.”

“ಗಿರಣಿ ಮನೀಗೆ ಹೋಗ್ರಿ,” ಎಂದಳು ಯಮನೂರಮ್ಮ. “ಮಕ್ತುಂಬಕ್ಕನ ಮಗ ಅವ. ಏನ ಹೇಳೋದಿದ್ರೂ ಆಕೀಗೆ ಹೇಳ್ರಿ. ಮೆಲ್ಲಕ ಹೇಳ್ರಿ ಮತ್ತ, ಆಕೀಗೆ ಬಿ.ಪಿ. ಐತಿ.”

ನಗಬೇಡಿ. ಅಥವಾ ನಗಿ, ನಿಮ್ಮ ಬಾಯಿ, ನಿಮ್ಮ ಹಲ್ಲು, ಬೇಡ ಅನ್ನಲು ನಾವ್ಯಾರು! ಆದರೆ ಮೊದಲು ಸಂಗತಿ ಕೇಳಿ. ಯಮನೂರಮ್ಮನಿಗೆ ಈ ಹುಡುಗನಿಗಿಂತ ಮೊದಲು ಮೂರು ಕೂಸು ಹುಟ್ಟಿದ್ದವು. ಒಂದಾದರೂ ಜವಳ ತೆಗೆಸುವ ತನಕ ಉಳಿಯಲಿಲ್ಲ. ನಾಲ್ಕನೆಯದು ಅವಳ ತವರು ಪಾಮನಕಲ್ಲೂರಿನಲ್ಲಿ ಹುಟ್ಟಿ, ಬಾಣಂತಿ ಗಂಡನ ಊರು ವಳಕಮದಿನ್ನಿಗೆ ಬಂದು ಇಳಿದಿದ್ದೇ ತಡ, ಅವಳ ಅತ್ತೆ ತಿಮ್ಮವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. “ಯಮಗ ಈ ಮನೀ ದಾರಿ ಬಾಯಿಪಾಠ ಆಗೈತಿ. ಒಳಗ ತರಬ್ಯಾಡ,” ಎಂದವಳೇ ಕೂಸನ್ನು ಕಿತ್ತುಕೊಂಡು ಮೊರದಲ್ಲಿ ಮಲಗಿಸಿ, ಮೊರವನ್ನು ತಲೆಯ ಮೇಲೆ ಹೊತ್ತು, ದಸ್ತಗೀರ್‌ಸಾಬರ ಗಿರಣಿಗೆ ನಡೆದಳು. ಭತ್ತ ಹಾಕಿಸಲು, ಜೋಳ ಬೀಸಲು ಊರಿಗೆಲ್ಲ ಅದೊಂದೇ ಗಿರಣಿ. ಸಾಬರ ಹೆಂಡತಿ ಮಕ್ತುಂಬೀ ಮೂರು ಗಂಡು ಹೆತ್ತು ಮೂರನ್ನೂ ಕಲ್ಲುಗುಂಡಿನ ಹಾಗೆ ಬೆಳೆಸಿದ್ದಳು. ಯಮ ಆ ಮನೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

“ಮಾರಾಕ ಬಂದೀನಿ, ತಗೋತಿಯೇನು?” ಎಂದಳು ತಿಮ್ಮವ್ವ. ಮಕ್ತುಂಬೀ ಹಿಟ್ಟಿನ ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು. ಖಾಲಿಯಾದ ಮೊರಕ್ಕೆ ಒಂದು ಸೇರು ತೌಡು ಅಳೆದು ಹಾಕಿದಳು. ಅಲ್ಲಿಗೆ ವ್ಯಾಪಾರ ಮುಗಿಯಿತು. ಕೂಸಿಗೆ ತೌಡಪ್ಪ ಎಂಬ ಹೆಸರೂ ಬಂತು.

ಇದೇನು ಹೊಸ ಸುದ್ದಿಯಲ್ಲ. ಕೂಸು ಉಳಿಯದ ಮನೆಗಳಲ್ಲಿ ಹೀಗೆ ಮಾರುತ್ತಾರೆ, ಅದೇ ದಿನ ಮಧ್ಯಾಹ್ನ ತೌಡು ವಾಪಸ್ ಸುರಿದು ಬಿಡಿಸಿಕೊಂಡು ಬರುತ್ತಾರೆ, ಹೋಳಿಗೆ ಉಣ್ಣುತ್ತಾರೆ. ತಿಮ್ಮವ್ವ ಒಪ್ಪಬೇಕಲ್ಲ! “ಯಮ ಏನು ನಿಮ್ಮಂಗ ದಡ್ಡ ಅನ್ಕಂಡೀರೇನು? ಒಮ್ಮೆ ಬಂದು ನೋಡಿ ಹೋದಾಂವ ಮತ್ತೊಮ್ಮೆ ಬರಂಗಿಲ್ಲೇನು? ಲಗ್ನದಾಗ ಬಾಸಿಂಗ ಕಟ್ಟೋ ದಿನ ತೌಡು ಕೊಟ್ಟು ಬಿಡಿಸ್ಕೋರಿ. ಅಲ್ಲೀತನಕ ಈ ಮನಿಯಾಗ ಮಕ್ಕಳ ಇಲ್ಲ. ಮಗನ ಅಂತ ಒಬ್ಬರ ಬಾಯಾಗೂ ಬರಬಾರದು,” ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಹೇಳಿ ಸುಮ್ಮನಿರದೆ ಆ ವರ್ಷವೇ ತೀರಿಕೊಂಡಳು. ಇನ್ನು ಶರತ್ತು ಸಡಿಲಿಸುವವರು ಯಾರು?

ಹೀಗಾಗಿ ಯಮನೂರಮ್ಮ ತನ್ನ ಕೂಸಿಗೆ ಮೊಲೆಯೂಡಿಸುವಾಗಲೂ ಮಾಳಿಗೆಯ ಕಡೆ ಮುಖ ಮಾಡಿ, “ಯಾರದೋ ಕೂಸು, ಹಸದೈತಿ ಅಂತ ಕುಡಸಾಕತ್ತೀನಿ,” ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಹುಡುಗ ಮಾತು ಬಂದಾಗ ಮಕ್ತುಂಬಿಗೆ ‘ಅಮ್ಮಾ’ ಎಂದ. ಇವಳಿಗೆ ‘ಯಮನೂರಕ್ಕ’ ಎಂದ. ಉಣ್ಣುವುದು ಇಲ್ಲಿ, ಮಲಗುವುದು ಇಲ್ಲಿ, ಹೊಲಕ್ಕೆ ಹೋಗುವುದು ಅಪ್ಪ ವೆಂಕೋಬನ ಬೆನ್ನ ಹಿಂದೆ. ಆದರೆ ಮಗ ಮಾತ್ರ ಅಲ್ಲಿಯವನು. ಈಜುವುದಕ್ಕೆಂದು ಕಾಲುವೆಯ ತೂಬು ಎತ್ತಿ ಊರ ಮಂದಿಯ ಸಸಿಮಡಿ ಮುಳುಗಿಸಿದಾಗ ಜಗಳಕ್ಕೆ ಬಂದವರಿಗೆ ಯಮನೂರಮ್ಮ, “ನನಗ್ಯಾಕ ಹೇಳ್ತೀರಿ? ಗಿರಣಿಗೆ ಹೋಗ್ರಿ,” ಎಂದು ಬಾಗಿಲು ಹಾಕಿಕೊಂಡಳು. ಅದೇನೋ ಸುಖವೇ. ಆದರೆ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದಾಗ ಓಟದಲ್ಲಿ ತಾಲೂಕಿಗೇ ಮೊದಲು ಬಂದನಲ್ಲ, ಅವತ್ತು ತಾಯಂದಿರನ್ನು ಮುಂದೆ ಕರೆದರು. ಮಕ್ತುಂಬೀ ಸೆರಗು ಹೊದ್ದು ಹೋಗಿ ಮಗನ ಪಕ್ಕ ನಿಂತಳು. ಯಮನೂರಮ್ಮ ಕಂಪೌಂಡಿನ ಆಚೆ ನಿಂತು, ಪರರ ಹುಡುಗನಿಗೆ ತಟ್ಟಿದ ಹಾಗೆ ಚಪ್ಪಾಳೆ ತಟ್ಟಿದಳು. ಬಸ್ಸಿನಲ್ಲಿ ಬರುವಾಗ ಅಂಗೈ ಉರಿಯುತ್ತಿತ್ತು.

ಮುಂದೆ ತೌಡಪ್ಪ ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ಚೀಲ ಹೊತ್ತ. ಮೂಗು, ಕಣ್ಣು, ಕಿವಿ ಎಲ್ಲದರಲ್ಲೂ ದೂಳು. “ಈ ದೂಳು ಕುಡಿಯೋದು ನನಗಾಗಲ್ಲ,” ಎಂದು ಸೈನ್ಯ ಸೇರಿದ. ಸೈನ್ಯದವರು ಅವನ ಭುಜ ನೋಡಿದರೋ ಏನೋ, ರೇಷನ್ ಸಾಗಿಸುವ ತುಕಡಿಗೆ ಹಾಕಿದರು.

“ಇಲ್ಲೂ ಅಕ್ಕಿ ಚೀಲನ ಹೊರಾಕತ್ತೀನಿ, ಯಮನೂರಕ್ಕ!” ಎಂದು ಫೋನಿನಲ್ಲಿ ನಗುತ್ತಿದ್ದ.

“ಬಂದೂಕು ಕೊಟ್ಟಾರೋ ಇಲ್ಲೋ?”

“ಕೊಟ್ಟಾರ. ಒಂದು ಹೆಗಲ ಮ್ಯಾಲ ಅದು, ಇನ್ನೊಂದರ ಮ್ಯಾಲ ಚೀಲ. ಚೀಲದ ಮ್ಯಾಲ ನಮ್ಮ ಸಿಂಧನೂರ ಮಿಲ್ಲಿನ ಹೆಸರು. ಎಲ್ಲಿ ಹೋದರೂ ಬಿಡವೊಲ್ದು ನೋಡು.”

ಶ್ರಾವಣಕ್ಕೆ ಮದುವೆ ಗೊತ್ತಾಗಿತ್ತು. ಹುಡುಗಿ ನಾಗವೇಣಿ, ಪಾಮನಕಲ್ಲೂರಿನವಳು. ಯಮನೂರಮ್ಮನ ಜೀವ ಮದುವೆಯ ಮೇಲೆ ಎಲ್ಲಿತ್ತು! ಅವತ್ತು ಕಟ್ಟುವ ಬಾಸಿಂಗದ ಮೇಲಿತ್ತು. ಹೊಸ ಮೊರ ಹೆಣೆಸಿ, ಸೆಗಣಿ ಸಾರಿಸಿ ಒಣಗಿಸಿ, ತಮ್ಮದೇ ಹೊಲದ ಭತ್ತದ ತೌಡು ಒಂದು ಸೇರು ಅಳೆದು, ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತು ಹಾಕಿದ್ದಳು. ದಿನಾ ಒಮ್ಮೆ ಬಿಚ್ಚಿ ಹುಳ ಬಿದ್ದಿದೆಯೋ ಎಂದು ನೋಡುವುದು, ಮತ್ತೆ ಕಟ್ಟುವುದು. ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು.

ಕೊನೆಯ ಸಲ ಫೋನು ಬಂದಾಗ ಅವನ ಹಿಂದೆ ಏನೋ ಸಿಡಿಯುತ್ತಿತ್ತು. “ಏನೋ ಅದು ಸಪ್ಪಳ?” ಎಂದಳು.

“ಯಾರದೋ ಲಗ್ನ ಇರಬೇಕು, ಪಟಾಕ್ಷಿ,” ಎಂದ ಕಳ್ಳ. ಆಮೇಲೆ ದನಿ ತಗ್ಗಿಸಿ, “ಬೇ, ಒಂದ ಸಲ ಮಗನ ಅನ್ನಬೇ. ಇಲ್ಲಿ ಯಾರೂ ಕೇಳಂಗಿಲ್ಲ. ನನಗೊಬ್ಬಗ ಕೇಳಸ್ತೈತಿ,” ಎಂದ.

ಯಮನೂರಮ್ಮ ಬಾಯಿ ತೆರೆದಳು. ಅಂದುಬಿಡುತ್ತಿದ್ದಳು. ಗೂಟದ ಮೇಲಿನ ಗಂಟು ಕಣ್ಣಿಗೆ ಬಿತ್ತು. ಇಷ್ಟು ವರ್ಷ ಹಲ್ಲು ಕಚ್ಚಿ ಇದ್ದು, ಇನ್ನು ಶ್ರಾವಣದ ತನಕ ಇರಲಾರದೆ ಎಲ್ಲ ಹಾಳು ಮಾಡಿಕೊಳ್ಳುವುದೇ? “ಹುಚ್ಚು ಗಿಚ್ಚು ಹಿಡದೈತೇನು? ಬಾಸಿಂಗದ ದಿನ ಬೇಕಾದಷ್ಟು ಅಂತೀನಿ. ಅಲ್ಲೀತನಕ ಬಾಯಿ ಮುಚ್ಕೊಂಡು ಇರು, ಮಕ್ತುಂಬೀ ಮಗನ,” ಎಂದು ಬೈದಳು.

ಅವನು ಬಿದ್ದು ಬಿದ್ದು ನಕ್ಕ. “ಅರ್ಧ ಅಂದೆಲ್ಲ! ಇನ್ನರ್ಧ ಬಂದು ಇಸ್ಕೋತೀನಿ,” ಎಂದು ಫೋನಿಟ್ಟ. ಮರುದಿನ ರೇಷನ್ ಲಾರಿಯ ಮೇಲೆ ಶೆಲ್ ಬಿತ್ತು.

ಈಗ ತಿಳಿಯಿತೇ, ತಹಶೀಲ್ದಾರರಿಗೆ ಅವಳು ಯಾಕೆ ಹಾಗಂದಳೆಂದು? ಅವಳ ಲೆಕ್ಕ ಸರಳ. ಯಮನೂರಮ್ಮನಿಗೆ ಮಗನಿಲ್ಲ, ಇಲ್ಲದ ಮಗನನ್ನು ಯಮ ಒಯ್ಯಲಾರ. ಪೆಟ್ಟಿಗೆಯಲ್ಲಿ ಬರುತ್ತಿರುವವನು ಇನ್ನಾರೋ ಇರಬೇಕು. ತಾನು ಬಾಯಿ ತಪ್ಪಿ ‘ನನ್ನ ಮಗ’ ಎಂದರೆ ಮಾತ್ರ ಅವನು ತೌಡಪ್ಪನಾಗುತ್ತಾನೆ, ಆಗ ಸತ್ತೂ ಸಾಯುತ್ತಾನೆ. ಅದಕ್ಕೇ ಅವಳು ಅಳಲಿಲ್ಲ. ಗಿರಣಿಯ ಕಡೆಯಿಂದ ಮಕ್ತುಂಬೀ ಅಳುತ್ತಿದ್ದುದು ಕೇಳಿಸಿದರೆ ನೀರಿನ ಮೋಟರು ಹಾಕಿಬಿಡುತ್ತಿದ್ದಳು.

ಇತ್ತ ಹೆತ್ತವಳು ಮಗನಲ್ಲ ಅನ್ನುತ್ತಿದ್ದರೆ ಅತ್ತ ಮೂರು ತಾಲೂಕುಗಳು ಅವನು ತಮ್ಮ ಮಗ ಎಂದು ಕಚ್ಚಾಡುತ್ತಿದ್ದವು! ಪೆಟ್ಟಿಗೆ ಹೊತ್ತ ಸೈನ್ಯದ ಗಾಡಿ ಕಲಬುರಗಿಯಿಂದ ಬರುತ್ತಿತ್ತು. ಗುರುಗುಂಟಾದಲ್ಲಿ ಮಂದಿ ಬಸ್ಸು ಬೈಕು ನಿಲ್ಲಿಸಿ ಹೂ ಹಾಕಿ ಕಣ್ಣೀರು ಒರೆಸಿಕೊಂಡರು, ಅಷ್ಟರಮಟ್ಟಿಗೆ ಸರಿ. ಲಿಂಗಸುಗೂರಿನಲ್ಲಿ ‘ನಮ್ಮ ಹಾಸ್ಟೆಲಿನಲ್ಲಿ ಓದಿದ ನಮ್ಮ ಹೆಮ್ಮೆಯ ಪುತ್ರ’ ಎಂದು ರಸ್ತೆಯಗಲದ ಫ್ಲೆಕ್ಸು. ಮಸ್ಕಿಯಲ್ಲಿ ‘ಪಾಮನಕಲ್ಲೂರಿನಲ್ಲಿ ಹುಟ್ಟಿದ ಮಸ್ಕಿಯ ಮಣ್ಣಿನ ಮಗ’ ಎಂದು ಅದಕ್ಕಿಂತ ದೊಡ್ಡದು. ಲಿಂಗಸುಗೂರಿನ ಹಾರ ಮೇಲಿದೆ, ನಮ್ಮದು ಕೆಳಗಿದೆ ಎಂದು ಮಸ್ಕಿಯ ಮುಖಂಡರು ಗಾಡಿಯನ್ನು ತಡೆದು ನಿಲ್ಲಿಸಿದರು. ಹಾರ ಬದಲಿಸಿದ ಮೇಲೆಯೇ ಗಾಡಿ ಮುಂದೆ ಹೋಗಿದ್ದು. ಸಿಂಧನೂರಿನ ಫ್ಲೆಕ್ಸಿನ ಅಂಗಡಿಯವನಿಗೆ ತೌಡಪ್ಪ ಎಂಬ ಹೆಸರು ವೀರನಿಗೆ ಒಪ್ಪುವಂತೆ ಕಾಣಲಿಲ್ಲ. ಅವನೇ ಧಾರಾಳವಾಗಿ ‘ವೀರಯೋಧ ತೇಜಸ್’ ಎಂದು ಅಚ್ಚು ಹಾಕಿದ್ದ. ಇಷ್ಟು ಸಾಲದೆಂದು ಯೋಧನ ಗೌರವಕ್ಕಾಗಿ ಅವತ್ತು ಸಿಂಧನೂರು ಬಂದ್. ಅಂಗಡಿ, ಹೋಟೆಲು, ರೈಸ್‌ಮಿಲ್ಲು ಎಲ್ಲಕ್ಕೂ ಬೀಗ.

ವಳಕಮದಿನ್ನಿಯ ಶಾಲೆಯ ಅಂಗಳದಲ್ಲಿ ಯುವಕ ಸಂಘದ ಅಧ್ಯಕ್ಷ ಪಂಪಾಪತಿ ವೇದಿಕೆ ಹಾಕಿಸಿದ್ದ. ನಡುವೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿ, ಅದರ ಬೆನ್ನಿಗೆ ‘ವೀರಮಾತೆ’ ಎಂಬ ಚೀಟಿ. ಯಮನೂರಮ್ಮನ ಕೈ ಕಾಲು ಹಿಡಿದ. ಜಪ್ಪಯ್ಯ ಅನ್ನಲಿಲ್ಲ. ವೆಂಕೋಬನನ್ನು ಕೂರಿಸೋಣವೆಂದರೆ ಆ ಬಾಯಿಲ್ಲದ ಮನುಷ್ಯ, “ಆಕೀ ಇಲ್ಲ ಅಂದಮ್ಯಾಲ ನಾ ಹೆಂಗ ಹೂಂ ಅನ್ಲಿ?” ಎಂದು ಎಮ್ಮೆಯ ಹಿಂದೆ ಹೋಗಿ ನಿಂತ. ಪಂಪಾಪತಿ ಗಿರಣಿಗೆ ಓಡಿದ.

“ನಾ ಕೂರಂಗಿಲ್ಲ,” ಎಂದಳು ಮಕ್ತುಂಬೀ, ಅತ್ತು ಅತ್ತು ದನಿ ಬಿದ್ದಿತ್ತು. “ನಾ ಕೂತ್ರ ಆಕೀ ಇನ್ನ ಯಾವತ್ತೂ ಆ ಕುರ್ಚೀಗೆ ಬರಂಗಿಲ್ಲ.”

ಮುಖಂಡರು ಹೊರಟಾಗಿದೆ, ಟಿ.ವಿ.ಯವರು ಕ್ಯಾಮೆರಾ ಹೂಡಿದ್ದಾರೆ, ಕುರ್ಚಿ ಖಾಲಿ. ಪಂಪಾಪತಿಯ ತಲೆ ಕೆಟ್ಟು ಮೊಸರಾಯಿತು. ಕಡೆಗೆ ಅವನು ಮಾಡಿದ್ದೇನು ಗೊತ್ತೇ? ಅಂಗನವಾಡಿಯ ಶಿವಕುಮಾರಿ ಟೀಚರನ್ನು ಹಿಡಿದು ತಂದ. ಪ್ರತಿ ವರ್ಷ ಶಾಲೆಯ ನಾಟಕದಲ್ಲಿ ತಾಯಿಯ ಪಾರ್ಟು ಆಕೆಯದೇ, ಅಳುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. “ಬರೇ ಕೂಡ್ರಿ ಅಕ್ಕೋರೆ, ನಮ್ಮ ಊರಿನ ಇಜ್ಜತ್ ಸವಾಲು,” ಎಂದು ಕೂರಿಸಿಯೇಬಿಟ್ಟ.

ಪುಣ್ಯಾತ್ಗಿತ್ತಿ ಚೆನ್ನಾಗಿಯೇ ಅತ್ತಳು. ಮುಖಂಡರು ಒಬ್ಬರಾದ ಮೇಲೊಬ್ಬರು ಬಂದು ಆಕೆಯ ಕಾಲಿಗೆ ಬಿದ್ದರು. “ಇಂಥ ತಾಯಿಯ ಹೊಟ್ಟೆ ತಣ್ಣಗಿರಲಿ,” ಎಂದು ಮೈಕಿನಲ್ಲಿ ಕೂಗಿದರು. ಊರವರಿಗೆಲ್ಲ ಗೊತ್ತು, ಆದರೆ ಟಿ.ವಿ.ಯವರ ಮುಂದೆ ಯಾರು ಬಾಯಿ ಬಿಡುತ್ತಾರೆ? ಯಮನೂರಮ್ಮನೂ ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದಳು. ಮನೆಯಲ್ಲಿ ಕೂರಲು ಆಗಿರಲಿಲ್ಲ, ಬಂದಿದ್ದಳು. ಶಿವಕುಮಾರಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಾಗ ಪಕ್ಕದವಳಿಗೆ, “ಪಾಪ, ಆಕೀ ಮಗ ಸತ್ತಾನ,” ಎಂದಳು. ಪಕ್ಕದವಳು ಒಂದು ಹೆಜ್ಜೆ ಆಚೆ ಸರಿದಳು.

ಆಮೇಲೆ ಸೈನಿಕರು ಪೆಟ್ಟಿಗೆಯನ್ನು ಇಳಿಸಿದರು. ಜೊತೆಗೆ ಬಂದಿದ್ದ ಸುಬೇದಾರ ಹಾರಗಳನ್ನೆಲ್ಲ ಪಕ್ಕಕ್ಕಿಟ್ಟು, ಪೆಟ್ಟಿಗೆಯ ಮೇಲಿದ್ದ ಬಾವುಟವನ್ನು ಮಡಿಸಿ, ಎರಡೂ ಅಂಗೈಯ ಮೇಲೆ ಇಟ್ಟುಕೊಂಡು ಕುರ್ಚಿಯ ಕಡೆ ನಡೆದು ಬಂದ. ನೆರೆಗೂದಲ ಮನುಷ್ಯ, ಕಣ್ಣು ಕೆಂಪಾಗಿದ್ದವು. ಶಿವಕುಮಾರಿಯ ಅಳು ಫಕ್ಕನೆ ನಿಂತುಹೋಯಿತು. ನಾಟಕದಲ್ಲಿ ಬಾವುಟ ಇರುತ್ತಿರಲಿಲ್ಲ. ಆಕೆ ಎದ್ದು ನಿಂತು ಕೈ ಮುಗಿದಳು. “ನಾ ಅಲ್ರೀ ಸಾಹೇಬ್ರ. ನನಗ ಕೊಡಬ್ಯಾಡ್ರಿ. ನನ್ನ ಮಗ ಹತ್ತನೇತ್ತ ಓದಾಕತ್ತಾನ್ರೀ, ಚಂದಾಗಿ ಅದಾನ್ರೀ!” ಎಂದು ವೇದಿಕೆಯಿಂದ ಇಳಿದು ಮನೆಗೆ ಓಡಿದಳು.

ಸುಬೇದಾರನಿಗೆ ಕನ್ನಡ ಬಾರದು. ದಸ್ತಗೀರ್‌ಸಾಬರು ಮುಂದೆ ಬಂದು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಮೊರ, ತೌಡು, ತಿಮ್ಮವ್ವ, ಬಾಸಿಂಗ. ತಹಶೀಲ್ದಾರರು ನಾಚಿಕೆಯಿಂದ ನೆಲ ನೋಡುತ್ತಿದ್ದರು. ಸುಬೇದಾರ ನಗಲಿಲ್ಲ. ಕೇಳಿ ಮುಗಿಸಿ ಏನೋ ಹೇಳಿದ, ದಸ್ತಗೀರ್‌ಸಾಬರು ಅದನ್ನು ಕನ್ನಡಕ್ಕೆ ತಿರುಗಿಸಿದರು.

“ಸಾಹೇಬ್ರು ಅಂತಾರ, ನಮ್ಮ ಹುಡುಗ ಅಲ್ಲಿ ಎಲ್ಲಾರಿಗೂ ಹೇಳ್ತಿದ್ದನಂತ. ಈ ಸಲ ಊರಿಗೆ ಹೋದ್ರ ನಮ್ಮವ್ವ ನನ್ನ ಖರೀದಿ ಮಾಡ್ತಾಳ ಅಂತ. ರೇಟು ಎಷ್ಟೋ ಅಂತ ಇವರು ನಗಿಚಾಟಿಕಿ ಮಾಡ್ತಿದ್ರಂತ. ಒಂದು ಸೇರು ತೌಡು ಅಂತಿದ್ದನಂತ. ಆ ಅವ್ವ ಯಾರು, ಆಕೀ ಕೈಗೇ ಇದನ್ನ ಕೊಡ್ತೀನಿ, ಬ್ಯಾರೇದವರಿಗೆ ಕೊಡಂಗಿಲ್ಲ ಅಂತಾರ.”

ಮಂದಿಯೆಲ್ಲ ಹಿಂದೆ ತಿರುಗಿ ಯಮನೂರಮ್ಮನನ್ನು ನೋಡಿದರು. ಅವಳು ತಲೆ ಅಡ್ಡ ಆಡಿಸಿದಳು. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಹೆದರಿಕೆಗೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆಗ ಅಂಗಳದ ಮೂಲೆಯಲ್ಲಿ ಕೂತಿದ್ದ ಮಕ್ತುಂಬೀ ಎದ್ದು ಬಂದು ಅವಳ ಮುಂದೆ ನಿಂತಳು.

“ತಂಗೀ, ಒಂದ ಮಾತು ಕೇಳು. ಇವ ಈಗ ಹೋಗೋದು ಎಲ್ಲಿಗೆ? ನಿನ್ನ ಮೂರು ಕೂಸು ಇರೋ ಕಡೀಗೆ. ನಿಮ್ಮತ್ತಿನೂ ಅಲ್ಲೇ ಅದಾಳ. ಬಾಗಿಲದಾಗ ನಿಂತು ಯಾರ ಮಗನಪಾ ನೀನು ಅಂತ ಕೇಳ್ತಾಳ. ಮಕ್ತುಂಬೀ ಮಗ ಅಂದ್ರ ಆ ಮುದುಕಿ ಒಳಗ ಬಿಡ್ತಾಳೇನು? ನೀನ ಕಂಡೀಯಲ್ಲ ಆಕೀ ಹಟ! ಗಿರಣಿ ಮನಿ ಆ ಕಡೆ ಐತಿ, ಹೋಗು ಅಂತಾಳ. ನಮ್ಮ ಮನ್ಯಾಗಿನವರು ಯಾರೂ ಇನ್ನೂ ಅಲ್ಲಿಗೆ ಹೋಗಿಲ್ಲ. ಒಬ್ಬನ ಎಲ್ಲಿ ನಿಲ್ಲಬೇಕು ನಮ್ಮ ಹುಡುಗ?”

ಯಮ ಮೋಸಹೋಗುತ್ತಾನೋ ಇಲ್ಲವೋ, ಅದು ಹಾಳಾಗಲಿ. ಆದರೆ ತಿಮ್ಮವ್ವ ಮೋಸಹೋಗುವವಳಲ್ಲ. ಇದು ಯಮನೂರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಕಣ್ಣ ಮುಂದೆ ಯಾವುದೋ ಕದ, ಕದದ ಹೊರಗೆ ಸೈನ್ಯದ ಬೂಟು ಹಾಕಿಕೊಂಡು ನಿಂತ ಹುಡುಗ ಬಂದುಬಿಟ್ಟ. ಬಾಯಿಂದ ಸೆರಗು ತೆಗೆದಳು.

“ಕೊಡ್ತೀಯೇನು, ಮಕ್ತುಂಬಕ್ಕಾ?”

“ತೌಡು ತಗೊಂಡು ಬಾ. ಕೊಡ್ತೀನಿ.”

ಯಮನೂರಮ್ಮ ಮನೆಗೆ ಓಡಿದಳು. ಗೂಟದಲ್ಲಿ ಮೊರವಿತ್ತು, ಬಟ್ಟೆಯಿತ್ತು, ತೌಡಿರಲಿಲ್ಲ. ವೆಂಕೋಬ ಎಮ್ಮೆಯ ಬಳಿ ತಲೆ ತಗ್ಗಿಸಿ ಕೂತಿದ್ದ. “ಮುಂಜಾನಿಂದ ಒದರಾಕತ್ತಿತ್ತು. ಯಾರೂ ಏನೂ ಹಾಕಿರಲಿಲ್ಲ. ಇನ್ಯಾಕ ಬೇಕದು ಅಂತ ಕಲಸಿ ಇಟ್ಟೆ,” ಎಂದ. ಎಮ್ಮೆ ಇನ್ನೂ ಮೂತಿ ನೆಕ್ಕಿಕೊಳ್ಳುತ್ತಿತ್ತು. ಬೇರೆ ದಿನವಾಗಿದ್ದರೆ ಗಂಡನ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದಳು. ಇವತ್ತು ಅವನ ತಲೆಯ ಮೇಲೆ ಕೈ ಇಟ್ಟು ಹೊರಗೆ ಬಂದಳು.

ತೌಡಿಲ್ಲ ಎಂಬ ಸುದ್ದಿ ವೇದಿಕೆಗೆ ಮುಟ್ಟಿದ್ದೇ ತಡ, ಮುಖಂಡರ ಮೈಮೇಲೆ ದೇವರು ಬಂದ ಹಾಗಾಯಿತು. ಸುತ್ತಲೂ ಬರೀ ರೈಸ್‌ಮಿಲ್ಲುಗಳಿರುವ ಸೀಮೆ, ಆದರೆ ತೌಡು ಕೊಡಬೇಕಾದ ಮಿಲ್ಲುಗಳನ್ನೆಲ್ಲ ಇವರೇ ಬಂದ್ ಮಾಡಿಸಿ ಕೂತಿದ್ದಾರೆ! ಎಲ್ಲರೂ ಕಿವಿಗೆ ಫೋನು ಹಚ್ಚಿದರು. “ಬೀಗ ಒಡೀರಲೇ! ದೇಶದ ಪ್ರಶ್ನೆ!” ಎಂದು ಒಬ್ಬರು ಕಿರುಚಿದರು. ಬಿಸಿಲಲ್ಲಿ ನಿಂತು ನಿಂತು ಒಬ್ಬ ಸೈನಿಕನಿಗೆ ತಲೆ ಸುತ್ತಿ ಬಂತು, ಸುಬೇದಾರ ಎಲ್ಲರನ್ನೂ ಬೇವಿನ ನೆರಳಿಗೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಸಿಂಧನೂರಿನಿಂದ ಒಂದು ಲಾರಿ ತೌಡು ಬಂತು, ಮುಂದೆ ಪೊಲೀಸ್ ಜೀಪು ಸೈರನ್ ಹಾಕಿಕೊಂಡು. ಅದರ ಹಿಂದೆಯೇ ಮಸ್ಕಿಯವರದೊಂದು ಟ್ರ್ಯಾಕ್ಟರ್. “ನಮ್ಮ ಮಗ, ನಮ್ಮ ತೌಡು!” ಎಂದು ಅವರು. ಅದು ಗೋಧಿ ತೌಡು, ನಡೆಯುವುದಿಲ್ಲ ಎಂದು ಸಿಂಧನೂರಿನವರು. ಲಿಂಗಸುಗೂರಿನವರು ನಮ್ಮದು ದಾರಿಯಲ್ಲಿದೆ, ಅಲ್ಲಿಯವರೆಗೆ ಶುರು ಮಾಡಕೂಡದು ಎಂದು ಪಟ್ಟು ಹಿಡಿದರು. ಶಾಲೆಯ ಅಂಗಳದಲ್ಲಿ ತೌಡಿನ ದೂಳೆದ್ದು ಟಿ.ವಿ.ಯವರು ಸೀನಿದರು.

“ನಿಮ್ಮ ಕಾಲು ಬೀಳ್ತೀನಿ, ಎಲ್ಲಾರೂ ನಿಮ್ಮ ನಿಮ್ಮ ತೌಡು ತಗೊಂಡು ಹೋಗ್ರಿ,” ಎಂದಳು ಯಮನೂರಮ್ಮ. “ನಿಮ್ಮ ತೌಡಿಗೆ ಬಿಡಿಸ್ಕೊಂಡ್ರ ಅವ ನಿಮ್ಮವ ಆಗ್ತಾನ. ನನ್ನ ಹೊಲದ್ದ ಬೇಕು.”

ವೆಂಕೋಬ ಆಗಲೇ ಮನೆಯಿಂದ ಒಂದು ಚೀಲ ಭತ್ತ ಹೊತ್ತು ತಂದಿದ್ದ. ದಸ್ತಗೀರ್‌ಸಾಬರು ಗಿರಣಿಯ ಬಾಗಿಲು ತೆಗೆದರು.

“ಚಾಚಾ, ಇವತ್ತು ಬಂದ್ ಐತ್ರೀ!” ಎಂದ ಪಂಪಾಪತಿ, ಅವನ ಬುದ್ಧಿಗೆ ಏನು ಬಡಿದಿತ್ತೋ.

“ಯಾರಿಗಾಗಿ ಬಂದ್ ಮಾಡೀಯೋ ಅವನ ಕೆಲಸನ ಲೇ ಇದು!”

ಊರಿನ ಕರೆಂಟು ಮೈಕು, ಗಿರಣಿ ಎರಡನ್ನೂ ತಡೆಯುವಂಥದ್ದಲ್ಲ. ಮೋಟರು ಗುಂಯ್ ಎಂದಿದ್ದೇ ಮೈಕು ಸತ್ತುಹೋಯಿತು. ಭಾಷಣಕ್ಕೆ ನಿಂತಿದ್ದ ಮುಖಂಡರು ಬಾಯಿ ಆಡಿಸುತ್ತಲೇ ಇದ್ದರು, ಕೇಳಿಸುತ್ತಿದ್ದುದು ಗಿರಣಿಯ ಸದ್ದು ಮಾತ್ರ. ಅವತ್ತು ಆಡಿದ ಮಾತುಗಳಲ್ಲಿ ಅರ್ಥವಿದ್ದುದು ಅದೊಂದಕ್ಕೇ. ಯಮನೂರಮ್ಮ ಬೀಳುವ ತೌಡಿಗೆ ಕೈಯೊಡ್ಡಿ ನಿಂತಳು. ತೌಡು ಬೆಚ್ಚಗಿತ್ತು.

ಪೆಟ್ಟಿಗೆಯ ಪಕ್ಕದಲ್ಲಿ ಇಬ್ಬರೂ ಎದುರುಬದುರು ಕೂತರು. ಯಮನೂರಮ್ಮ ಸೇರಿನ ತುಂಬ ತೌಡು ಅಳೆದು, ಮೇಲೆ ಅಂಗೈಯಿಂದ ಸವರಿ, ಮೊರಕ್ಕೆ ಸುರಿದಳು. ಈಗ ಮಾರುವವಳು ಚೌಕಾಸಿ ಮಾಡಬೇಕು. ಮಾಡದಿದ್ದರೆ ವ್ಯಾಪಾರ ಖರೆಯಾಗುವುದಿಲ್ಲ.

“ಇಷ್ಟನ ಏನು?” ಎಂದಳು ಮಕ್ತುಂಬೀ.

“ಒಂದು ಸೇರಿಗೇ ಮಾತಾಗಿತ್ತಲ್ಲ.”

“ಅವಾಗ ಅಂಗೈಯಷ್ಟು ಕೂಸು. ಈಗ ನೋಡು ಎಷ್ಟುದ್ದ ಬೆಳದಾನ. ಓದ್ಯಾನ. ಓಟದಾಗ ತಾಲೂಕಿಗೆ ಫಸ್ಟ್ ಬಂದಾನ. ಒಂದು ದಿನ ನನಗ ಎದುರು ಮಾತಾಡಿದಾಂವ ಅಲ್ಲ. ಇಂಥಾ ಹುಡುಗಗ ಒಂದ ಸೇರು ತೌಡೇನಬೇ?” ಮಕ್ತುಂಬಿಯ ಕಣ್ಣಿಂದ ನೀರು ಧಾರಾಕಾರ. “ಸಾಲಂಗಿಲ್ಲ. ಇನ್ನೊಂದು ಹಿಡಿ ಹಾಕು.”

ಯಮನೂರಮ್ಮ ಇನ್ನೊಂದು ಹಿಡಿ ಹಾಕಿದಳು.

“ಇನ್ನೊಂದು.”

ಇನ್ನೊಂದು ಹಾಕಿದಳು. ಗಿರಣಿ ನಿಂತಿತ್ತು.

“ಆತು. ತಗೋ. ಇವತ್ತಿನಿಂದ ಹುಡುಗ ನಿನ್ನವ,” ಎಂದು ಮಕ್ತುಂಬೀ ಮೊರದ ತೌಡನ್ನು ತನ್ನ ಉಡಿಗೆ ಸುರಿದುಕೊಂಡಳು. ಸುರಿದುಕೊಂಡ ಮೇಲೆ ಏನು ಮಾರಿದೆನೆಂದು ತಿಳಿಯಿತೋ ಏನೋ, ಉಡಿಯನ್ನು ಎದೆಗೆ ಅವುಚಿಕೊಂಡು ಅಲ್ಲೇ ನೆಲಕ್ಕೆ ಬಿದ್ದಳು. ದಸ್ತಗೀರ್‌ಸಾಬರು ಅವಳ ಹೆಗಲು ಹಿಡಿದು ಕೂತರು.

ಸುಬೇದಾರ ಬಾವುಟ ತಂದ. ಯಮನೂರಮ್ಮನ ಕೈಯೆಲ್ಲ ತೌಡು. ಆ ಕೈಯಲ್ಲಿ ಮುಟ್ಟಲು ಹಿಂಜರಿದು ಖಾಲಿ ಮೊರವನ್ನು ಚಾಚಿದಳು. ಅವನು ಬಾವುಟವನ್ನು ಮೊರದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಹೊಡೆದ. ಅವಳು ಕೂಸಿಗೆ ದೃಷ್ಟಿ ತಾಗದಂತೆ ಮುಚ್ಚುವ ಹಾಗೆ ಅದರ ಮೇಲೆ ಸೆರಗು ಹೊದಿಸಿದಳು. ಆಮೇಲೆ ಬಗ್ಗಿ ಪೆಟ್ಟಿಗೆಗೆ ಬಾಯಿ ಹಚ್ಚಿದಳು.

“ಮಗನ,” ಎಂದಳು. “ಮಗನ, ಮಗನ, ನನ್ನ ಮಗನ. ತಿಮ್ಮವ್ವ ಕೇಳಿದ್ರ ಯಮನೂರಮ್ಮನ ಮಗ ಅಂತ ಹೇಳೋ. ತೌಡು ಕೊಟ್ಟು ಬಿಡಿಸ್ಕೊಂಡಾಳ ಅಂತ ಹೇಳು. ಎರಡು ಹಿಡಿ ಜಾಸ್ತಿನ ಕೊಟ್ಟಾಳ ಅಂತ ಹೇಳು.”

ಬಾಸಿಂಗದ ದಿನಕ್ಕೆಂದು ಇಟ್ಟುಕೊಂಡಿದ್ದನ್ನೆಲ್ಲ ಅಂದು ಮುಗಿಸಿ ಎದ್ದು ನಿಂತಳು. ಸುತ್ತಲೂ ಹುಡುಕಿದಳು. ತಹಶೀಲ್ದಾರರು ಗುಂಪಿನ ಅಂಚಿನಲ್ಲಿದ್ದರು.

“ಸಾಹೇಬ್ರ, ಮುಂಚೆ ಬಂದಾಗ ನೀವು ಏನೋ ಹೇಳಾಕ ಬಂದಿದ್ರಿ. ನಾ ಕೇಳಲಿಲ್ಲ. ಈಗ ಹೇಳ್ರಿ.”

ತಹಶೀಲ್ದಾರರು ಕನ್ನಡಕ ತೆಗೆದರು. ಒರೆಸಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತಂತಾಗಿ ಮತ್ತೆ ನೆನಪಾಯಿತು.

“ತಾಯೀ, ಗಡಿಯೊಳಗ ಯುದ್ಧ ನಡದೈತಿ, ನಿಮಗ ಗೊತ್ತೈತಿ. ನಿಮ್ಮ ಮಗ ತೌಡಪ್ಪ…”

ಈ ಸಲ ಯಮನೂರಮ್ಮ ಮೊರವನ್ನು ಎದೆಗೆ ಹಿಡಿದುಕೊಂಡು ಅವರ ಮಾತನ್ನು ಕೊನೆಯ ತನಕ ಕೇಳಿದಳು. ಕೇಳಿದ ಮೇಲೆ ಅತ್ತಳು.